ನೂರ ಹದಿನೇಳನೆಯದು

ಗಡಿಯಾರ ರಿಪೇರಿಯವರ ಮನೆಯಲ್ಲಿ ಬೆಳಿಗ್ಗೆ ಆರು ಗಂಟೆ ಒಂದೇ ಸಲ ಆಗುವುದಿಲ್ಲ, ಹದಿನಾಲ್ಕು ಸಲ ಆಗುತ್ತದೆ. ಮೊದಲು ಮೆಟ್ಟಿಲ ಮೇಲಿನ ಗಡಿಯಾರ ಹೊಡೆಯಿತು. ಅದು ಮುಗಿಸುವಷ್ಟರಲ್ಲಿ ಅಡುಗೆಮನೆಯದು ಶುರು ಮಾಡಿತು, ಅದರ ಬೆನ್ನಿಗೇ ಬಚ್ಚಲಿನ ಬಾಗಿಲ ಮೇಲಿನದು. ಮಾಡಿನ ಕೆಳಗಿನ ಪುಟ್ಟ ಕೋಣೆಯಲ್ಲಿ ಮಲಗಿದ್ದ ಲೆಕ್ಕದ ಟೀಚರು ಅಭ್ಯಾಸಬಲದಿಂದ ಎಣಿಸುತ್ತಾ ಹೋದರು. ಎಂಬತ್ತನಾಲ್ಕು ಹೊಡೆತ. ಇನ್ನು ನಿದ್ದೆ ಅಷ್ಟೇ ಸರಿ ಎಂದುಕೊಂಡು ಎದ್ದು ಕೂತರು.

ಟೀಚರಿಗೆ ಐವತ್ತೆರಡು ವರ್ಷ. ಮಂಡಿ ಎರಡೂ ಇವೆ, ಎರಡೂ ನೋಯುತ್ತವೆ. ಒಬ್ಬರೇ ಸೈಕಲ್ ಹತ್ತಿ ಮನೆಯಿಂದ ಸಮುದ್ರತೀರದ ದೀಪಸ್ತಂಭದವರೆಗೆ, ಊರೂರು ಸುತ್ತಿ ಬಳಸಿ, ಹನ್ನೆರಡು ದಿನದ ದಾರಿ ಹೊರಟಿದ್ದರು, ಇವತ್ತು ಹನ್ನೊಂದನೆಯ ದಿನ. ಸೈಕಲ್ ಪ್ರವಾಸಿಗಳಿಗೆ ಒಂದು ರಾತ್ರಿ ಹಾಸಿಗೆ ಕೊಡುತ್ತೇವೆ ಎಂದು ಹೆಸರು ಬರೆಸಿಕೊಂಡ ಪುಣ್ಯಾತ್ಮರ ಪಟ್ಟಿಯೊಂದು ಅವರ ಫೋನಿನಲ್ಲಿತ್ತು. ದಿನಾ ಸಂಜೆ ಅದರಲ್ಲೊಂದು ಮನೆಯ ಬಾಗಿಲು ಬಡಿಯುವುದು. ಪುಣ್ಯಾತ್ಮರೇ, ಇಲ್ಲವೆಂದವರಾರು? ಆದರೆ ಪುಕ್ಕಟೆ ಹಾಸಿಗೆಗೂ ಒಂದು ಬೆಲೆ ಇರುತ್ತದೆ ನೋಡಿ. ಒಂದು ಮನೆಯಲ್ಲಿ ಮೊಮ್ಮಗುವಿನ ನಾನೂರು ಫೋಟೋ ನೋಡಬೇಕಾಯಿತು, ಮಗು ಎಲ್ಲದರಲ್ಲೂ ಮಲಗಿಯೇ ಇತ್ತು. ಇನ್ನೊಂದು ಮನೆಯಲ್ಲಿ ಗಂಡ ಹೆಂಡಿರು ಮಾತು ಬಿಟ್ಟು ಎಂಟು ದಿನವಾಗಿತ್ತಂತೆ; ಉಪ್ಪು ಬೇಕಾದರೂ ಇಬ್ಬರೂ ಟೀಚರಿಗೆ ಹೇಳಿ ಕೇಳಿಸುತ್ತಿದ್ದರು. ಇದನ್ನೆಲ್ಲ ಸಹಿಸಿಕೊಂಡು ಇಲ್ಲಿಯವರೆಗೆ ಬಂದದ್ದು ಒಂದೇ ಒಂದು ಹಟಕ್ಕೆ.

ಆ ಹಟದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಟೀಚರು ಹೀಗೆ ಹೋಗುತ್ತೇನೆ ಎಂದಾಗ ಯಾರಾದರೂ "ನಿಮ್ಮ ಕೈಲಾಗಲ್ಲ" ಎಂದಿದ್ದರೆ ಅವರು ಬಹುಶಃ ಹೊರಡುತ್ತಲೇ ಇರಲಿಲ್ಲ. ಯಾರೂ ಅನ್ನಲಿಲ್ಲ. ಸ್ಟಾಫ್‌ರೂಮಿನವರೆಲ್ಲ "ಆಯ್ತು ಟೀಚರ್, ಹೋಗಿಬನ್ನಿ" ಎಂದು ಚಿಕ್ಕ ಮಕ್ಕಳಿಗೆ ತಟ್ಟುವ ಹಾಗೆ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಗಂಡ ಇನ್ನೂ ಒಂದು ಹೆಜ್ಜೆ ಮುಂದೆ. ಬಾಯಲ್ಲಿ "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಲೇ, ಹೆಂಡತಿ ಹೊರಡುವ ಮೊದಲೇ ಕಾರಿನ ನೆತ್ತಿಗೆ ಸೈಕಲ್ ಕಟ್ಟುವ ಕಂಬಿ ಹಾಕಿಸಿಬಿಟ್ಟರು. ಅವರಿಗೆ ಕತ್ತಲಲ್ಲಿ ಕಾರು ಓಡಿಸಲು ಆಗದು. ಹಾಗಾಗಿ ಭಾನುವಾರ ಸಂಜೆ ಐದಕ್ಕೆ ಸರಿಯಾಗಿ ದೀಪಸ್ತಂಭದ ಹತ್ತಿರ ಬರುವುದು, ಅಷ್ಟರಲ್ಲಿ ಟೀಚರು ಅಲ್ಲಿಗೆ ಮುಟ್ಟಿರದಿದ್ದರೆ ಎಲ್ಲಿರುತ್ತಾರೋ ಅಲ್ಲಿಗೇ ಬಂದು ಎತ್ತಿಹಾಕಿಕೊಂಡು ಹೋಗುವುದು ಎಂದು ಮಾತಾಗಿತ್ತು. ಟೀಚರಿಗೆ ಬೇಕಾಗಿದ್ದುದು ಇಷ್ಟೇ: ಯಾವ ಗಾಡಿಯನ್ನೂ ಹತ್ತದೆ, ನಾಳೆ ಐದರೊಳಗೆ, ಸ್ವಂತ ಕಾಲಿನಲ್ಲಿ ಅಲ್ಲಿಗೆ ಮುಟ್ಟಬೇಕು. ಮುಟ್ಟಿ, ಆ ಕಂಬಿಯನ್ನೊಮ್ಮೆ ನೋಡಿ, ಏನೂ ಮಾತಾಡದೆ ನಿಂತುಕೊಳ್ಳಬೇಕು. ಇನ್ನು ಉಳಿದಿದ್ದುದು ಇವತ್ತಿಗೆ ಅರವತ್ತೆರಡು ಕಿಲೋಮೀಟರ್, ನಾಳೆಗೆ ಅರವತ್ತಾರು.

ಚೀಲ ಕಟ್ಟಿಕೊಂಡು ಕೆಳಗಿಳಿದವರು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರು. ರಾತ್ರಿ ಗೋಡೆಗೆ ಒರಗಿಸಿಟ್ಟ ಸೈಕಲ್ ಅಲ್ಲಿರಲಿಲ್ಲ. ನಡುಮನೆಯ ನೆಲದ ಮೇಲೆ ಹಾಲಿನಂತೆ ಬಿಳಿಯ ಬೆಡ್‌ಶೀಟು ಹಾಸಿತ್ತು. ಅದರ ಮೇಲೆ ಎಡದಿಂದ ಬಲಕ್ಕೆ, ಸಾಲಿನ ಕೆಳಗೆ ಸಾಲು, ಪುಸ್ತಕದ ಪುಟದ ಹಾಗೆ ಅವರ ಸೈಕಲ್ಲು ಬಿದ್ದಿತ್ತು. ನಟ್ಟು, ಬೋಲ್ಟು, ಚೈನು, ಪೆಡಲು, ಬೇರಿಂಗಿನ ಗುಂಡುಗಳು, ಎಲ್ಲವೂ ಸೀಮೆಎಣ್ಣೆಯಲ್ಲಿ ಮಿಂದು ಫಳಫಳ ಹೊಳೆಯುತ್ತಿದ್ದವು; ಬರಿಯ ಚೌಕಟ್ಟು, ಚಕ್ರಗಳು ಮಾತ್ರ ಮೂಲೆ ಸೇರಿದ್ದವು. ಬೆಡ್‌ಶೀಟಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು ಗಡಿಯಾರದವರು. ಎಪ್ಪತ್ತೆಂಟು ವರ್ಷ, ಹಣೆಯ ಮೇಲೆ ಭೂತಗನ್ನಡಿ, ಮುಖದಲ್ಲಿ ಪರಮಾನಂದ.

"ಎದ್ರಾ ಟೀಚರಮ್ಮ? ನೆನ್ನೆ ನೀವು ಬೀದಿ ತಿರುವಿನಲ್ಲಿ ಬರ್ತಿರೋವಾಗ್ಲೇ ನಂಗೆ ಕೇಳಿಸ್ತು. ಪೆಡಲಲ್ಲಿ ಟಕ್ ಅನ್ನುತ್ತೆ."

"ಅದು ಒಂದು ವಾರದಿಂದ ಹಾಗೇ ಅನ್ನುತ್ತೆ ಯಜಮಾನ್ರೇ," ಎಂದರು ಟೀಚರು. ಅವರ ದನಿ ಅವರಿಗೇ ಎಲ್ಲೋ ದೂರದಿಂದ ಕೇಳಿಸಿತು.

"ಅನ್ಲಿ, ತೊಂದ್ರೆ ಇಲ್ಲ. ಸುತ್ತಿಗೊಂದು ಸಲ ಅಂದ್ರೆ ನಾನು ಕೇಳಿಸ್ಕೊಂಡು ಸುಮ್ನಿರ್ತಿದ್ದೆ. ಇದು ಮೂರು ಸುತ್ತಿಗೆ ಎರಡು ಸಲ ಅನ್ನುತ್ತೆ. ನಿದ್ದೆ ಹೇಗೆ ಬರಬೇಕು ಹೇಳಿ? ನಾಲ್ಕಕ್ಕೇ ಎದ್ದು ಬಿಚ್ಚೋಕೆ ಕೂತೆ. ಒಟ್ಟು ನೂರ ಹದಿನೇಳು. ಬಿಚ್ಚಿದ ಕ್ರಮದಲ್ಲೇ ಇಟ್ಟಿದೀನಿ. ಇನ್ನು ಈ ಕೊನೆಯಿಂದ ಆ ಕೊನೆಗೆ ಹಾಕ್ಕೊಂಡು ಹೋದ್ರೆ ಆಯ್ತು. ನೀವು ಚಹಾ ಕುಡಿಯೋಷ್ಟರಲ್ಲಿ ರೆಡಿ."

ಐವತ್ತು ವರ್ಷ ಗಡಿಯಾರ ಬಿಚ್ಚಿದವರ ಪದ್ಧತಿ ಅದು. ಚೀಟಿ ಅಂಟಿಸುವುದಿಲ್ಲ, ಡಬ್ಬಿಗೆ ಹಾಕುವುದಿಲ್ಲ, ಇಟ್ಟ ಸಾಲೇ ಜ್ಞಾಪಕ. ಟೀಚರಿಗೆ ಸಿಟ್ಟು ಬಂದಿತ್ತು, ಹೌದು. ಆದರೆ ಆ ಸಾಲುಗಳ ಅಚ್ಚುಕಟ್ಟು ನೋಡಿ ಸಿಟ್ಟು ಅರ್ಧ ಇಳಿಯಿತು. ಕರಿಹಲಗೆಯ ಮೇಲೆ ತಾವು ಬರೆಯುವ ಲೆಕ್ಕವೂ ಹೀಗೇ ಇರುತ್ತದೆ ಎಂದುಕೊಂಡರು.

ಅಷ್ಟರಲ್ಲಿ ಕೆಳಗಿನಿಂದ ಗಡಿಯಾರದವರ ಮಗಳು ಬಂದಳು. ಈ ಮನೆಯ ಕೆಳಅಂತಸ್ತಿನಲ್ಲಿರುವ ಲಾಂಡ್ರಿ ಅವಳದೇ. ಅವಳಿಗೆ ನಡುಮನೆಯಲ್ಲಿ ಸೈಕಲ್ಲಾಗಲಿ, ಅಪ್ಪನಾಗಲಿ, ಅತಿಥಿಯಾಗಲಿ ಕಾಣಲಿಲ್ಲ. ಕಂಡದ್ದು ಒಂದೇ.

"ಅಯ್ಯಯ್ಯೋ, ಹಲ್ಲಿನ ಡಾಕ್ಟರ ಮನೆ ಬೆಡ್‌ಶೀಟು!"

ಹೀಗೆಂದವಳೇ, ಇಪ್ಪತ್ತು ವರ್ಷದ ಅಭ್ಯಾಸದ ಕೈ ನೋಡಿ, ಎರಡು ತುದಿ ಹಿಡಿದು ಫಟ್ ಎಂದು ಒಂದು ಕೊಡವು ಕೊಡವಿದಳು!

ನೂರ ಹದಿನೇಳೂ ಒಮ್ಮೆ ಗಾಳಿಯಲ್ಲಿ ಎದ್ದು, ನಡುಮನೆಯ ತುಂಬ ಮಳೆಗರೆದವು. ಬೇರಿಂಗಿನ ಗುಂಡುಗಳು ಸೋಫಾದ ಕೆಳಗೆ ಓಡಿದವು. ಒಂದು ಬೋಲ್ಟು ಮೆಟ್ಟಿಲಿಳಿದು ಲಾಂಡ್ರಿಗೇ ಹೋಯಿತು.

"ಕ್ರಮ ಹೋಯ್ತು," ಎಂದರು ಗಡಿಯಾರದವರು, ಯಾರೋ ಸತ್ತರು ಎನ್ನುವ ದನಿಯಲ್ಲಿ.

"ಕ್ರಮ ಅಂತೆ ಕ್ರಮ! ಡಾಕ್ಟರಮ್ಮಂಗೆ ಏನು ಹೇಳ್ಲಿ ನಾನು? ಮನೇಲಿ ಹಳೇ ಚಾಪೆ ಇರಲಿಲ್ವಾ ಅಪ್ಪ?"

"ಚಾಪೆ ಮೇಲೆ ಸಣ್ಣ ಸ್ಕ್ರೂ ಕಾಣುತ್ತಾ? ಬಿಳೀದೇ ಬೇಕು. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಟೀಚರು ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತರು. ಪಂಕ್ಚರ್ ಹಾಕಲು, ಚೈನು ಏರಿಸಲು ಅವರಿಗೆ ಬರುತ್ತಿತ್ತು. ಇದು ಅವರ ಕೈಮೀರಿದ ಮಾತು. ಊರಿನ ಒಬ್ಬನೇ ಸೈಕಲ್ ರಿಪೇರಿಯವನು ಅಂಗಡಿಗೆ ಬೀಗ ಹಾಕಿಕೊಂಡು ಅಕ್ಕನ ಮನೆಗೆ ಹೋಗಿದ್ದಾನಂತೆ. ಮಗಳು ಟೀಚರನ್ನು ಅಡುಗೆಮನೆಗೆ ಕರೆದು, ಚಹಾ ಕೈಗಿಟ್ಟು, ದನಿ ತಗ್ಗಿಸಿ ಹೇಳಿದಳು:

"ನನ್ನ ಮಾತು ಕೇಳಿ ಟೀಚರ್. ಒಂಬತ್ತಕ್ಕೆ ನಮ್ಮ ಲಾಂಡ್ರಿ ವ್ಯಾನು ಆ ಕಡೆಗೇ ಹೋಗುತ್ತೆ. ಎಲ್ಲಾ ಚೀಲಕ್ಕೆ ತುಂಬಿ ನೀವೂ ಹತ್ಕೊಳ್ಳಿ. ನಲವತ್ತು ಕಿಲೋಮೀಟರಿಗೆ ದೊಡ್ಡ ಸೈಕಲ್ ಅಂಗಡಿ ಇದೆ. ಅಪ್ಪನ ಕೈ ನೋಡಿದ್ರಲ್ಲ? ಮೂರು ವರ್ಷದಿಂದ ನಡುಗುತ್ತೆ, ಅದಕ್ಕೇ ಅಂಗಡಿ ಮುಚ್ಚಿಸಿದ್ವಿ. ಬಿಚ್ಚೋದು ಬಿಚ್ತಾರೆ. ಜೋಡಿಸೋಕೆ ಆಗಲ್ಲ."

"ವ್ಯಾನ್ ಹತ್ತೋ ಹಾಗಿಲ್ಲ," ಎಂದರು ಟೀಚರು. "ಹತ್ತೋದಾದ್ರೆ ಮೊದಲನೇ ದಿನವೇ ಕಾರು ಹತ್ತಬಹುದಿತ್ತು."

"ಯಾರು ನೋಡ್ತಾರೆ ಟೀಚರ್? ನಾನಂತೂ ಬಾಯಿ ಬಿಡಲ್ಲ."

"ನಾನು ನೋಡ್ತೀನಲ್ಲಮ್ಮಾ," ಎಂದವರು ಚಹಾ ಮುಗಿಸಿ ನಡುಮನೆಗೆ ಬಂದರು. ಮಧ್ಯಾಹ್ನ ಎರಡಕ್ಕೆ ಹೊರಟರೂ ಕತ್ತಲಾಗುವ ಹೊತ್ತಿಗೆ ಅರವತ್ತೆರಡು ಕಿಲೋಮೀಟರ್ ಮುಗಿಸಬಹುದು. ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದರು: "ಯಜಮಾನ್ರೇ, ಎರಡು ಗಂಟೆಯವರೆಗೂ ನಿಮಗೆ ಟೈಮು."

"ಕ್ರಮ ಹೋದ್ರೂ ಲೆಕ್ಕ ಇದೆಯಲ್ಲ," ಎಂದು ಗಡಿಯಾರದವರು ತೋಳು ಮಡಚಿದರು. "ನಾನು ಒಂದೊಂದೇ ಹಾಕ್ತೀನಿ, ನೀವು ಎಣಿಸಿ. ನೂರ ಹದಿನೇಳು ಆದ ದಿನ ಸೈಕಲ್ಲು ಪೂರ್ತಿ."

"ದಿನ ಅನ್ಬೇಡಿ ಮಹರಾಯ್ರೇ, ಕ್ಷಣ ಅನ್ನಿ!"

ಮೊದಲು ಇಬ್ಬರೂ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಗುಂಡು ಹುಡುಕಿದರು. ಸೋಫಾದ ಕೆಳಗೆ ಇಪ್ಪತ್ತು ಗುಂಡುಗಳ ಜೊತೆಗೆ ಎರಡು ಬಾಚಣಿಗೆ, ಮಗಳು ವರ್ಷದಿಂದ ಹುಡುಕುತ್ತಿದ್ದ ಒಂದು ಓಲೆ, ಗಡಿಯಾರದವರ ಹಿಂದಿನ ಕನ್ನಡಕ ಸಿಕ್ಕವು. ಆಮೇಲೆ ಕೆಲಸ ಶುರುವಾಯಿತು. ಮುದುಕರ ಕೈ ನಡುಗುತ್ತಿದ್ದುದು ನಿಜ. ಗ್ರೀಸು ಮೆತ್ತಿ ಗುಂಡನ್ನು ಕೂರಿಸಲು ಹೋದರೆ ಗುಂಡು ಕೂರುತ್ತಿರಲಿಲ್ಲ, ಜಾರಿ ತೊಡೆಯ ಮೇಲೆ ಬೀಳುತ್ತಿತ್ತು. ಟೀಚರು ಕೈ ಮುಂದೆ ಮಾಡಿದರೆ ಅವರು ಕೈ ಮೇಲೆ ಫಟ್ಟೆಂದು ಹೊಡೆಯುತ್ತಿದ್ದರು.

"ನೀವು ಲೆಕ್ಕ ನೋಡಿ. ಎಷ್ಟಾಯ್ತು?"

"ಇಪ್ಪತ್ತಮೂರು."

"ಹೂಂ. ಆತುರ ಬೇಡ."

ಆತುರ ಬೇಡವಂತೆ! ಮೂವತ್ತು ವರ್ಷ ಮಕ್ಕಳ ಎದುರು ನಿಂತು, ಏಳರ ಮಗ್ಗಿಯಲ್ಲಿ ತೊದಲುವವರನ್ನು ತಾಳ್ಮೆಯಿಂದ ಕೇಳಿಸಿಕೊಂಡ ಟೀಚರು, ಈಗ ಒಂದು ನಟ್ಟು ತಿರುಗುವುದನ್ನು ನೋಡಲಾರದೆ ತುಟಿ ಕಚ್ಚಿಕೊಂಡು ಗೋಡೆಯತ್ತ ನೋಡಿದರು. ಗೋಡೆಯಲ್ಲೂ ಏನಿದೆ? ಗಡಿಯಾರ.

ಹನ್ನೊಂದಕ್ಕೆ ಗಂಡನ ಫೋನು ಬಂತು.

"ಎಲ್ಲಿದೀಯ?"

"ದಾರೀಲಿದೀನಿ ರೀ," ಎಂದುಬಿಟ್ಟರು. ಹಾಗೆನ್ನುವುದಕ್ಕೂ ಮೆಟ್ಟಿಲ ಗಡಿಯಾರ ಹನ್ನೊಂದು ಹೊಡೆಯುವುದಕ್ಕೂ ಸರಿಹೋಯಿತು. ಆಮೇಲೆ ಅಡುಗೆಮನೆಯದು. ಆಮೇಲೆ ಬಚ್ಚಲಿನದು.

"ಅದೇನೇ ಅಷ್ಟೊಂದು ಗಂಟೆ?"

"ರೈಲ್ವೆ ಗೇಟು."

"ಇಷ್ಟು ಹೊತ್ತು ಹೊಡೆಯುತ್ತಾ?"

"ಉದ್ದದ ರೈಲು ರೀ! ಇಡ್ತೀನಿ," ಎಂದು ಇಟ್ಟರು. ಗಡಿಯಾರದವರು ತಲೆ ಎತ್ತದೆ "ನಲವತ್ತೊಂದು" ಎಂದರು.

ಊಟ ಕೂತಲ್ಲಿಗೇ ಬಂತು, ಕೂತಲ್ಲೇ ಮುಗಿಯಿತು. ಮಗಳು ಎರಡು ಸಲ ಬಾಗಿಲಲ್ಲಿ ಇಣುಕಿ, ವ್ಯಾನು ಹೋಯಿತು ಎಂದು ಹೇಳಿ, ಬೆಡ್‌ಶೀಟಿಗೆ ನಿಂಬೆಹಣ್ಣು ತಿಕ್ಕುತ್ತಿದ್ದೇನೆ ಎಂದೂ ಹೇಳಿ ಹೋದಳು. ಆದರೆ ಏನಾಯಿತೋ ಏನೋ, ಎಂಬತ್ತು ದಾಟಿದ ಮೇಲೆ ಮುದುಕರ ಕೈ ಹದಕ್ಕೆ ಬಂತು. ನಡುಕ ನಿಲ್ಲಲಿಲ್ಲ, ಆದರೆ ಕೈ ನಡುಗುತ್ತಲೇ ಸರಿಯಾದ ಜಾಗಕ್ಕೆ ಹೋಗಿ ಮುಟ್ಟುತ್ತಿತ್ತು. ಯಾವುದು ಎಲ್ಲಿಯದು ಎಂದು ಒಮ್ಮೆಯೂ ತಡಕಾಡಲಿಲ್ಲ. ಕೈಗೆ ಬಂದ ತುಂಡನ್ನು ಬೆರಳಲ್ಲಿ ತಿರುಗಿಸಿ, ಸವೆತ ನೋಡಿ, "ನೀನು ಹಿಂದಿನ ಚಕ್ರದವನು" ಎಂದು ಅದಕ್ಕೇ ಹೇಳುತ್ತಿದ್ದರು. ಎರಡಕ್ಕೆ ಹತ್ತು ನಿಮಿಷ ಇದ್ದಾಗ ಸೈಕಲ್ಲು ಎರಡು ಚಕ್ರದ ಮೇಲೆ ನಿಂತಿತ್ತು. ನೋಡಿದರೆ ಅಂಗಡಿಯಿಂದ ಈಗ ತಾನೇ ತಂದ ಹಾಗಿತ್ತು.

"ಎಷ್ಟು?" ಎಂದರು ಗಡಿಯಾರದವರು.

ಟೀಚರು ಒಂದೊಂದಕ್ಕೂ ಗೀಟು ಹಾಕುತ್ತಾ ಬಂದಿದ್ದ ಕಾಗದ ನೋಡಿದರು. ನೂರ ಹದಿನಾರು. ಅದೇ ಹೊತ್ತಿಗೆ ಮಂಡಿಯ ಕೆಳಗೆ ಏನೋ ಒತ್ತಿತು. ಮೆಲ್ಲಗೆ ಕೈ ಹಾಕಿ ನೋಡಿದರೆ ಬೆರಳುಗುರಿನಷ್ಟು ಅಗಲದ ಒಂದು ಉಕ್ಕಿನ ಬಳೆ. ಇಷ್ಟು ಹೊತ್ತೂ ಅದರ ಮೇಲೇ ಕೂತಿದ್ದಾರೆ!

ಒಂದು ಬಳೆ. ಇಡೀ ಸೈಕಲ್ಲಿಗೆ ಒಂದು ಬಳೆ ಯಾವ ಲೆಕ್ಕ? ಇವತ್ತಿನ ಅರವತ್ತೆರಡಕ್ಕೆ ಈಗಲೇ ಹೊರಟರೆ ಸರಿ. ಮುದುಕರು ದಿನವಿಡೀ ಕಷ್ಟಪಟ್ಟಿದ್ದಾರೆ, ಅವರ ಮನಸ್ಸಿಗೂ ಸಮಾಧಾನ. ಟೀಚರು ಮುಷ್ಟಿ ಮುಚ್ಚಿದರು. ಉತ್ತರ ನೋಡಿ ಲೆಕ್ಕ ಕೂರಿಸಿದ ಮಕ್ಕಳಿಗೆ ಜೀವಮಾನವಿಡೀ ಕೆಂಪು ಗೀಟು ಎಳೆದ ಕೈ ಅದು.

"ನೂರ ಹದಿನೇಳು," ಎಂದರು. "ಬಹಳ ಚೆನ್ನಾಗಾಯ್ತು ಯಜಮಾನ್ರೇ. ನಿಮ್ಮ ಕೈಗುಣವೇ ಕೈಗುಣ."

ಗಡಿಯಾರದವರು ಭೂತಗನ್ನಡಿ ಕಳಚಿ, ಮಡಿಲಲ್ಲಿಟ್ಟುಕೊಂಡು, ನಿಧಾನವಾಗಿ ಒರೆಸಿದರು.

"ನಾನೂ ಎಣಿಸ್ತಿದ್ದೆ ಟೀಚರಮ್ಮ."

ಟೀಚರು ಮುಷ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ಹೋದ ತಿಂಗಳು ನಮ್ಮನೆ ಮಿಕ್ಸಿ ಬಿಚ್ಚಿದ್ದೆ," ಎಂದರು ಮುದುಕರು. "ಜೋಡಿಸಿದ್ದೂ ಆಯ್ತು. ಮಾರನೇ ದಿನ ಮಗಳು, 'ಅಪ್ಪ, ನೀನು ಮಾಡಿದ್ದು ಎಷ್ಟು ಚೆನ್ನಾಗಿ ಓಡುತ್ತೆ ನೋಡು' ಅಂದ್ಲು. ಅದು ಹೊಸ ಮಿಕ್ಸಿ. ಅದೇ ಕಂಪನಿ, ಅದೇ ಬಣ್ಣ, ಹುಡುಕಿ ತಂದಿದಾಳೆ ಪಾಪ. ಹಳೇದರ ದನಿ ಬೇರೆ, ಇದರ ದನಿ ಬೇರೆ. ಐವತ್ತು ವರ್ಷ ಸದ್ದು ಕೇಳಿ ಊಟ ಮಾಡಿದವನಿಗೆ ತಿಳಿಯಲ್ವಾ? ಆದ್ರೂ ದಿನಾ ಬೆಳಿಗ್ಗೆ ಅದು ಓಡಿದಾಗ, 'ಪರವಾಗಿಲ್ಲ, ನನ್ನ ಕೈ ಇನ್ನೂ ಇದೆ' ಅಂತೀನಿ. ಇಲ್ಲದಿದ್ರೆ ಅವಳು ನೊಂದ್ಕೋತಾಳೆ."

ಅವರು ಭೂತಗನ್ನಡಿಯನ್ನು ಮತ್ತೆ ಹಣೆಗೇರಿಸಿ ಟೀಚರನ್ನು ನೋಡಿದರು. "ನೀವು ಹೊರಗಿನವರು. ನಿಮಗೇನು ದಾಕ್ಷಿಣ್ಯ ಅಂದ್ಕೊಂಡಿದ್ದೆ. ನೀವೂ ಹಾಗೇ ಅಂದ್ರಿ."

ಟೀಚರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಚಿಕೆಯಾಯಿತು, ಆ ನಾಚಿಕೆಗೇ ಅಳು ಬಂತು. ಸ್ಟಾಫ್‌ರೂಮಿನವರ ಆ ಚಪ್ಪಾಳೆಯನ್ನು ಹತ್ತು ದಿನ ಬೆನ್ನ ಮೇಲೆ ಹೊತ್ತು ತುಳಿದು ಬಂದವರು, ಅದೇ ಚಪ್ಪಾಳೆಯನ್ನು ಈ ಮುದುಕರಿಗೆ ತಟ್ಟಿಬಿಟ್ಟಿದ್ದರು. ಮುಷ್ಟಿ ತೆರೆದು ಆ ಬಳೆಯನ್ನು ಅವರ ಅಂಗೈ ಮೇಲಿಟ್ಟರು.

"ನೂರ ಹದಿನಾರೇ ಆಗಿದ್ದು. ಸುಳ್ಳು ಹೇಳ್ದೆ. ತಪ್ಪಾಯ್ತು."

ಬಳೆ ಕಂಡಿದ್ದೇ ತಡ, ಮುದುಕರ ಮುಖ ಅರಳಿತು. ಬೇಸರ ಎಲ್ಲಿ ಹೋಯಿತೋ! ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಇವನೇ!" ಎಂದು ಕೂಗಿದರು. "ಟಕ್ ಅಂತಿದ್ದಿದ್ದು ಇವನೇ! ನೋಡಿ, ಒಂದು ಕಡೆ ಸೊಟ್ಟಗಾಗಿದಾನೆ. ಪೆಡಲಿನ ಆಕ್ಸಲ್ ಒಳಗಿನವನು. ಇವನಿಲ್ಲದೆ ಹೋಗಿದ್ರೆ ಮೂವತ್ತು ಕಿಲೋಮೀಟರ್ ಏನೂ ಅನ್ನಲ್ಲ, ಆಮೇಲೆ ಪೆಡಲು ಕಚ್ಕೊಂಡು ನಿಮ್ಮನ್ನ ರಸ್ತೆ ಮಧ್ಯೆ ಮಲಗಿಸ್ತಿತ್ತು."

"ಹಾಕೋಕೆ ಎಷ್ಟು ಹೊತ್ತು?"

"ಇವನನ್ನ ತಟ್ಟಿ ನೇರ ಮಾಡ್ಬೇಕು. ಪೆಡಲು, ಚೈನು, ಗುಂಡು, ಎಲ್ಲಾ ಮತ್ತೆ ಬಿಚ್ಚಬೇಕು. ನನ್ನ ಕೈಗೆ ನಾಲ್ಕು ಗಂಟೆ." ಸ್ವಲ್ಪ ತಡೆದು, "ವ್ಯಾನು ನಾಲ್ಕಕ್ಕೆ ಇನ್ನೊಂದು ಟ್ರಿಪ್ ಹೋಗುತ್ತೆ. ಬೇಕಾದ್ರೆ..." ಎಂದರು.

ನಾಲ್ಕು ಗಂಟೆ ಎಂದರೆ ಇವತ್ತು ಮುಗಿಯಿತು. ಅರವತ್ತೆರಡಕ್ಕೆ ಅರವತ್ತಾರು ಕೂಡಿದರೆ ನೂರ ಇಪ್ಪತ್ತೆಂಟು, ಅದೂ ಒಂದೇ ದಿನಕ್ಕೆ, ಅದೂ ಸಂಜೆ ಐದರೊಳಗೆ. ಟೀಚರು ಜೀವಮಾನದಲ್ಲಿ ಎಂಬತ್ತು ದಾಟಿದವರಲ್ಲ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಉತ್ತರ ಒಂದೇ. ಅವರು ಚೀಲವನ್ನು ಮತ್ತೆ ಗೋಡೆಗೆ ಒರಗಿಸಿ ಬಂದು ಕೂತರು.

"ಬಿಚ್ಚಿ ಯಜಮಾನ್ರೇ. ಈ ಸಲ ಗುಂಡು ನಾನು ಕೂರಿಸ್ತೀನಿ. ನಿಮ್ಮ ಕೈ ನಡುಗುತ್ತೆ."

"ಹೌದು, ನಡುಗುತ್ತೆ," ಎಂದರು ಗಡಿಯಾರದವರು. ಅದನ್ನು ಅಷ್ಟು ಸಂತೋಷದಿಂದ ಒಪ್ಪಿಕೊಂಡವರನ್ನು ಟೀಚರು ನೋಡಿರಲಿಲ್ಲ.

ಆರು ಗಂಟೆಗೆ, ಅಂದರೆ ಹದಿನಾಲ್ಕು ಆರು ಗಂಟೆಗಳೂ ಮುಗಿದ ಮೇಲೆ, ಮುದುಕರು ಪೆಡಲು ತಿರುಗಿಸಿ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ಟೀಚರು ಗ್ರೀಸು ಕೈಯಲ್ಲೇ ಗಂಡನಿಗೆ ಫೋನು ಮಾಡಿದರು.

"ರೀ, ಬೆಳಿಗ್ಗೆ ಸುಳ್ಳು ಹೇಳಿದ್ದೆ. ನೆನ್ನೆ ಎಲ್ಲಿದ್ನೋ ಇವತ್ತೂ ಅಲ್ಲೇ ಇದೀನಿ. ನಾಳೆ ನೂರ ಇಪ್ಪತ್ತೆಂಟು ತುಳೀಬೇಕು."

"ಓಹೋ. ಪರವಾಗಿಲ್ಲ, ಬಿಡು, ನಾನು ಬೆಳಿಗ್ಗೆನೇ ಕಾರು..."

"ತಡೀರಿ. ಪರವಾಗಿಲ್ಲ ಅನ್ಬೇಡಿ. ನಿಮಗೆ ಏನನ್ಸುತ್ತೆ ಅದು ಹೇಳಿ. ನಿಜ ಹೇಳ್ಬೇಕು."

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆ ಮನುಷ್ಯನಿಗೆ ಇಂಥ ಅನುಮತಿ ಸಿಕ್ಕಿರಲಿಲ್ಲವೇನೋ.

"ನಿಜ ಹೇಳ್ಲಾ? ನಿನ್ನ ಕೈಲಾಗಲ್ಲ ಅನ್ಸುತ್ತೆ. ಮೊದಲಿಂದ್ಲೂ ಅನ್ಸಿದ್ದು ಅದೇ. ಹತ್ತು ದಿನ ಹೋಗಿದ್ದೇ ನಂಗೆ ಆಶ್ಚರ್ಯ. ದಿನಾ ರಾತ್ರಿ ಹೆದರ್ಕೊಂಡು ಮಲಗ್ತೀನಿ ಕಣೇ."

ಟೀಚರಿಗೆ ಎಷ್ಟು ಸಂತೋಷವಾಯಿತೆಂದರೆ ಕೂತಲ್ಲಿಂದ ಎದ್ದೇ ನಿಂತರು. "ಹಾಂ! ಹಾಗನ್ನಿ! ಇಷ್ಟು ದಿನ ಎಲ್ಲಿಟ್ಟಿದ್ರಿ ಈ ಮಾತು? ಸರಿ, ಈಗ ಕೇಳಿ. ನಾಳೆ ಕಾರು ತರಬೇಡಿ. ಬಸ್ಸಲ್ಲಿ ಬನ್ನಿ. ಅಲ್ಲಿಂದ ರಾತ್ರಿ ಒಂಬತ್ತಕ್ಕೆ ವಾಪಸ್ ಬಸ್ಸಿದೆಯಂತೆ, ಸೈಕಲ್ಲನ್ನ ಬಸ್ಸಿನ ಮೇಲೆ ಹಾಕ್ಕೋತಾರಂತೆ, ಈ ಮನೆ ಮಗಳು ಹೇಳಿದ್ಲು. ಅಲ್ಲೀವರೆಗೂ ನಂಗೆ ಟೈಮಿದೆ."

"ಬಸ್ಸಲ್ಲಿ ನಂಗೆ ವಾಂತಿ ಬರುತ್ತಲ್ಲೇ!"

"ಕಿಟಕಿ ಪಕ್ಕ ಕೂತ್ಕೊಳ್ಳಿ," ಎಂದು ಟೀಚರು ಫೋನಿಟ್ಟರು.

ಮರುದಿನ ಅವರು ಬೆಳಕು ಹರಿಯುವ ಮೊದಲೇ ಹೊರಟರು. ಎಂಬತ್ತನೆಯ ಕಿಲೋಮೀಟರಿನ ನಂತರ ಒಂದು ಮಂಡಿಗೆ ಇನ್ನೊಂದು ಮಂಡಿಯ ಮೇಲೇ ಸಿಟ್ಟು ಬಂತು. ನೂರರ ನಂತರ ಎಲ್ಲರನ್ನೂ ಬೈದರು. ಮೊದಲು ಗಡಿಯಾರದವರನ್ನು, ಆಮೇಲೆ ಹಲ್ಲಿನ ಡಾಕ್ಟರನ್ನು, ಕೊನೆಗೆ ಸಮುದ್ರವನ್ನು, ಇಷ್ಟು ದೂರ ಇದ್ದುದಕ್ಕೆ. ಐದು ಗಂಟೆಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ಬಾಕಿ ಇತ್ತು. ದೀಪಸ್ತಂಭದ ಬುಡ ಮುಟ್ಟಿದಾಗ ಆರೂ ಮುಕ್ಕಾಲು. ಅಲ್ಲಿ ಕಲ್ಲುಕಟ್ಟೆಯ ಮೇಲೆ ಗಂಡ ಒಬ್ಬರೇ ಕೂತಿದ್ದರು. ಮುಖ ಹಸಿರಾಗಿತ್ತು, ಕೈಯಲ್ಲಿ ಅರ್ಧ ಹಿಂಡಿದ ನಿಂಬೆಹಣ್ಣು.

ಅವರು ಎದ್ದು ಬಂದು, ಹೆಂಡತಿಯನ್ನೂ ಸೈಕಲ್ಲನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ, ಗಡಿಯಾರ ನೋಡಿಕೊಂಡರು.

"ಒಂದೂ ಮುಕ್ಕಾಲು ಗಂಟೆ ಲೇಟು," ಎಂದರು.

"ಹೌದು ರೀ, ಲೇಟು," ಎಂದರು ಟೀಚರು. ಹೇಳುವಾಗಲೇ ಕಣ್ಣಲ್ಲಿ ನೀರು ತುಂಬಿತು.